ಸಂಕಲನವೆಂಬ ಆಕರ: ಶೂಗೇಜ್ ಸಂಗೀತದ ಅಪರಿಚಿತ ವೃಂದಗಳನ್ನು ಅರಿಯುವ ಬಗೆ

ನಮ್ಮ ಪ್ರಾಚೀನ ಕವಿಗಳಲ್ಲಿ ಕೆಲವರು ತಮ್ಮ ಗ್ರಂಥಗಳ ಮೂಲಕ ನಮಗೆ ಪರಿಚಿತರಾದವರಲ್ಲ. ಪರರು ಮಾಡಿದ ಸಂಕಲನಗಳ ಮೂಲಕ ಪರಿಚಿತರಾದವರು. ಒಂದನೆಯ ಗುಣವರ್ಮನ ‘ಶೂದ್ರಕ’ವು ಇಂದು ಉಪಲಬ್ಧವಿಲ್ಲ. ಆದರೂ ಅದರ ಕೆಲವು ಪದ್ಯಗಳು ಸಂಕಲನಗಳಲ್ಲಿ ಉಳಿದು ಬಂದಿವೆ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿದ್ದ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಪುರ, ಋತು, ಚಂದ್ರೋದಯವೆಂದು ವಸ್ತುವಿಗನುಗುಣವಾಗಿ ವಿಂಗಡಿಸಿ ‘ಸೂಕ್ತಿಸುಧಾರ್ಣವ’ವನ್ನು ರಚಿಸಿದನು. ಆತನ ಉದ್ದೇಶ ಕಾವ್ಯರಸಿಕರ ಸಂತೋಷವೇ ಹೊರತು ಇತಿಹಾಸರಚನೆಯಲ್ಲ. ಆದರೆ ಇಂದಿನ ಸಂಶೋಧಕನಿಗೆ ಅದು ಇತಿಹಾಸದ ಆಕರವಾಗಿ ಪರಿಣಮಿಸಿದೆ.

ಪ್ರಕೃತ ಲೇಖನದಲ್ಲಿ ನಾವು ಇದೇ ಪ್ರಶ್ನೆಯನ್ನು ತೀರ ಭಿನ್ನವಾದ, ಆದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಪ್ರಿಯವಾದ ಒಂದು ಕ್ಷೇತ್ರದಲ್ಲಿ ಪರಿಶೀಲಿಸಲಿಚ್ಛಿಸುತ್ತೇವೆ. ಅದು ‘ಶೂಗೇಜ್’ ಎಂಬ ಪಾಶ್ಚಾತ್ಯ ಸಂಗೀತಪ್ರಕಾರ. ಈ ಪ್ರಕಾರದ ಬಹುಪಾಲು ವೃಂದಗಳು ಕೇಳುಗರಿಗೆ ಮೊದಲು ತಲಪುವುದು ಸಂಕಲನಗಳ ಮೂಲಕ. ಹೀಗಿರುವಲ್ಲಿ ಸಂಕಲನವನ್ನು ಹೇಗೆ ಬಳಸಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ವಿಚಾರಾರ್ಹವಾದ ಸಂಗತಿ.

1. ಶೂಗೇಜ್ ಎಂದರೇನು

ಕೇಳಿ ಅರಿಯದ ವಾಚಕರಿಗಾಗಿ ಈ ಸಂಗೀತದ ಸ್ವರೂಪವನ್ನು ಸ್ಥೂಲವಾಗಿ ಹೇಳುವುದು ಅವಶ್ಯಕ. ವಿದ್ಯುತ್ ಗಿಟಾರಿನ ನಾದವನ್ನು ಕಾಲಿನಿಂದ ಒತ್ತುವ ಪೆಡಲುಗಳ ಮೂಲಕ ಹಾಯಿಸಿ ಒರಟಾಗಿಸುವುದು, ಅದಕ್ಕೆ ಅನುರಣನವನ್ನೂ ಮಾರ್ದನಿಯನ್ನೂ ಕೂಡಿಸುವುದು, ಹಾಗೆ ಹುಟ್ಟಿದ ದಟ್ಟವಾದ ನಾದರಾಶಿಯೊಳಗೆ ಹಾಡುಗಾರನ ಕಂಠವನ್ನು ಮುಕ್ಕಾಲು ಪಾಲು ಮುಳುಗಿಸಿಬಿಡುವುದು—ಇವು ಇದರ ಮುಖ್ಯ ಲಕ್ಷಣಗಳು. ನುಡಿಸುವವರು ಸದಾ ತಲೆ ತಗ್ಗಿಸಿ ಪೆಡಲುಗಳ ಕಡೆಗೆ ನೋಡುತ್ತ ನಿಲ್ಲುತ್ತಿದ್ದುದರಿಂದ, 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸಂಗೀತಪತ್ರಿಕೆಗಳು ಇವರನ್ನು ‘ತಮ್ಮ ಬೂಟುಗಳನ್ನೇ ದಿಟ್ಟಿಸುವವರು’ ಎಂದು ಹಾಸ್ಯ ಮಾಡಿದವು. ಆ ಹಾಸ್ಯದ ಮಾತೇ ಪ್ರಕಾರದ ಹೆಸರಾಗಿ ನಿಂತಿತು.

1985ರಲ್ಲಿ ಹೊರಬಂದ ಜೀಸಸ್ ಅಂಡ್ ಮೇರಿ ಚೈನ್ ವೃಂದದ ‘ಸೈಕೋಕ್ಯಾಂಡಿ’ಯೂ, ಕಾಕ್ಟೋ ಟ್ವಿನ್ಸ್ ವೃಂದದ ಕೃತಿಗಳೂ ಇದಕ್ಕೆ ಹಾದಿ ಮಾಡಿಕೊಟ್ಟವು. 1983ರಲ್ಲಿ ಡಬ್ಲಿನ್ ನಗರದಲ್ಲಿ ಸ್ಥಾಪಿತವಾದ ಮೈ ಬ್ಲಡಿ ವ್ಯಾಲೆಂಟೈನ್ ವೃಂದವು 1988ರ ‘ಇಸಂಟ್ ಎನಿಥಿಂಗ್’ ಮತ್ತು 1991ರ ‘ಲವ್‌ಲೆಸ್’ ಎಂಬ ಧ್ವನಿಮುದ್ರಿಕೆಗಳಲ್ಲಿ ಇದಕ್ಕೆ ಪೂರ್ಣರೂಪವನ್ನು ಕೊಟ್ಟಿತು. ಆಕ್ಸ್‌ಫರ್ಡಿನ ರೈಡ್, ರೆಡಿಂಗ್ ನಗರದ ಸ್ಲೋಡೈವ್ ವೃಂದಗಳು ಅದೇ ಕಾಲದವು. ಆದರೆ ಪತ್ರಿಕೆಗಳ ಒಲವು ಬೇಗನೆ ಬೇರೆಡೆಗೆ ಹರಿಯಿತು. 1995ರಲ್ಲಿ ‘ಪಿಗ್ಮೇಲಿಯನ್’ ಹೊರಬಂದ ಕೆಲವೇ ದಿನಗಳಲ್ಲಿ ಸ್ಲೋಡೈವ್ ತನ್ನ ಪ್ರಕಾಶಕರ ಆಶ್ರಯವನ್ನು ಕಳೆದುಕೊಂಡಿತು. ಮುಂದೆ 2014ರಲ್ಲಿ ಆ ವೃಂದ ಮತ್ತೆ ಒಂದುಗೂಡಿದಾಗ ಅದನ್ನು ಕೇಳಲು ಲೋಕದ ನಾನಾ ಭಾಗಗಳಲ್ಲಿ ಒಂದು ಹೊಸ ಪೀಳಿಗೆ ಸಿದ್ಧವಾಗಿತ್ತು. ನಡುವಣ ಎರಡು ದಶಕಗಳಲ್ಲಿ ಈ ಸಂಗೀತವನ್ನು ಜೀವಂತವಾಗಿ ಇರಿಸಿದವುಗಳಲ್ಲಿ ಸಂಕಲನಗಳ ಪಾತ್ರ ಸಣ್ಣದಲ್ಲ.

ಇದಕ್ಕೆ ಈ ಸಂಗೀತದ ಸ್ವಭಾವದಲ್ಲಿಯೇ ಎರಡು ಕಾರಣಗಳಿವೆ. ನಮ್ಮ ಸುಗಮಸಂಗೀತದಲ್ಲಿ ಸಾಹಿತ್ಯವು ಸ್ಪಷ್ಟವಾಗಿ ಕೇಳಿಸದಿದ್ದರೆ ಅದು ಗಾಯಕನ ದೋಷ. ಇಲ್ಲಿಯಾದರೋ ಮಾತು ಕೇಳಿಸದಿರುವುದೇ ಪದ್ಧತಿ. ಕಂಠವೂ ತಂಬೂರಿಯ ಶ್ರುತಿಯಂತೆ ನಾದದ ಒಂದು ಎಳೆ ಮಾತ್ರ. ಆದುದರಿಂದ ಭಾಷೆಯ ತೊಡಕು ಕಡಮೆಯಾಗಿ, ಜಪಾನಿನ ಹಾಡೂ ಇಂಗ್ಲೆಂಡಿನ ಹಾಡೂ ಒಂದೇ ಸಂಕಲನದಲ್ಲಿ ನಿರಾಯಾಸವಾಗಿ ಹೊಂದಿಕೊಳ್ಳುವುವು. ಎರಡನೆಯದಾಗಿ, ಈ ವೃಂದಗಳಲ್ಲಿ ಅನೇಕವು ಒಂದೆರಡು ಕಿರುಮುದ್ರಿಕೆಗಳನ್ನು ಹೊರತಂದು ಚದುರಿಹೋದವು. ಅಂಥವುಗಳ ಹಾಡು ಸಂಕಲನವನ್ನು ಸೇರದಿದ್ದರೆ ಮರೆಯಾದಂತೆಯೇ ಸರಿ.

2. ಸಂಕಲನಗಳ ಬಗೆಗಳು

ಸಂಕಲನಗಳೆಲ್ಲವೂ ಒಂದೇ ಬಗೆಯವಲ್ಲ. ನಾವು ಅವನ್ನು ನಾಲ್ಕಾಗಿ ವಿಂಗಡಿಸಬಯಸುತ್ತೇವೆ.

ಮೊದಲನೆಯದು ಸಮಕಾಲೀನ ಸಂಕಲನ. 1986ರಲ್ಲಿ ಇಂಗ್ಲೆಂಡಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆಯು 22 ವೃಂದಗಳಿಂದ ಒಂದೊಂದು ಹಾಡನ್ನು ಆಯ್ದು ‘ಸಿ-86’ ಎಂಬ ಕ್ಯಾಸೆಟ್ಟನ್ನು ಹೊರತಂದಿತು. ಇದರ ಪ್ರಭಾವ ಎಷ್ಟಾಯಿತೆಂದರೆ ‘ಸಿ-86’ ಎಂಬುದು ಒಂದು ಸಂಗೀತಶೈಲಿಯ ಹೆಸರೇ ಆಗಿಹೋಯಿತು. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅಷ್ಟು ಹೊತ್ತಿಗೆ ಮೈ ಬ್ಲಡಿ ವ್ಯಾಲೆಂಟೈನ್ ವೃಂದ ಸ್ಥಾಪಿತವಾಗಿ ಮೂರು ವರ್ಷಗಳಾಗಿದ್ದರೂ ಆ 22ರ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ತನ್ನ ಕಾಲದಲ್ಲಿ ಯಾವುದು ಉಳಿಯತಕ್ಕದ್ದು ಎಂಬುದನ್ನು ಸಂಕಲನಕಾರನು ಊಹಿಸಬಲ್ಲನೇ ಹೊರತು ಬಲ್ಲವನಲ್ಲ.

ಎರಡನೆಯದು ಪುನರವಲೋಕನದ ಸಂಕಲನ. 1972ರಲ್ಲಿ ಲೆನಿ ಕೇ ಎಂಬುವರು 1965ರಿಂದ 1968ರವರೆಗಿನ, ಬಹುಮಟ್ಟಿಗೆ ಮರೆತುಹೋಗಿದ್ದ ಅಮೆರಿಕದ ವೃಂದಗಳ 27 ಹಾಡುಗಳನ್ನು ‘ನಗೆಟ್ಸ್’ ಎಂಬ ಹೆಸರಿನಲ್ಲಿ ಕೂಡಿಸಿ ಈ ಬಗೆಗೆ ಮಾದರಿಯನ್ನು ಹಾಕಿಕೊಟ್ಟರು. ಶೂಗೇಜಿನ ಮಟ್ಟಿಗೆ ಅಂಥ ಕೆಲಸವನ್ನು 2016ರಲ್ಲಿ ಚೆರಿ ರೆಡ್ ಸಂಸ್ಥೆಯು 5 ಸಿ.ಡಿ.ಗಳ ‘ಸ್ಟಿಲ್ ಇನ್ ಎ ಡ್ರೀಮ್’ ಸಂಪುಟದಿಂದ ಮಾಡಿತು. ಸಂಪುಟದ ಉಪಶೀರ್ಷಿಕೆಯು ಈ ಕಥೆಯನ್ನು 1988ರಿಂದ 1995ರವರೆಗೆ ಎಂದು ಗೊತ್ತುಪಡಿಸುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದು ಕಾಲವಿಭಾಗದ ಪ್ರಶ್ನೆ. ಇಂಗ್ಲೆಂಡಿನಲ್ಲಿ ನಿಂತು ನೋಡಿದರೆ 1995 ಕಥೆಯ ಅಂತ್ಯವಾಗಿ ಕಾಣಬಹುದು. ಟೋಕಿಯೋದಲ್ಲಿ ನಿಂತು ನೋಡಿದರೆ ಹಾಗೆ ಕಾಣದು.

ಮೂರನೆಯದು ಗೌರವಾರ್ಪಣೆಯ ಸಂಕಲನ. 2002ರಲ್ಲಿ ಬರ್ಲಿನ್ನಿನ ಮೋರ್ ಮ್ಯೂಸಿಕ್ ಸಂಸ್ಥೆಯು ‘ಬ್ಲೂ ಸ್ಕೈಡ್ ಅನ್ ಕ್ಲಿಯರ್’ ಎಂಬ ಜೋಡಿ ಸಿ.ಡಿ.ಯನ್ನು ಪ್ರಕಟಿಸಿತು. ಮೊದಲನೆಯದರಲ್ಲಿ ಸ್ಲೋಡೈವ್ ವೃಂದದ ಹಾಡುಗಳನ್ನು ಇತರರು ತಮ್ಮ ರೀತಿಯಲ್ಲಿ ಪುನಃ ನುಡಿಸಿರುವರು. ಎರಡನೆಯದರಲ್ಲಿ ಅದೇ ಪ್ರೇರಣೆಯ ಸ್ವಂತ ರಚನೆಗಳಿವೆ. ಐಸ್‌ಲೆಂಡಿನ ಮೂಮ್, ಡೆನ್ಮಾರ್ಕಿನ ಮ್ಯಾನ್ಯುಯಲ್, ಬೆಲ್ಜಿಯಮ್ಮಿನ ಸ್ಟೈರೋಫೋಮ್, ಜರ್ಮನಿಯ ಉಲ್ರಿಚ್ ಶ್ನಾಸ್ ಮೊದಲಾದವರು ಇಲ್ಲಿ ಒಂದೆಡೆ ಸೇರಿರುವರು. 2013ರಲ್ಲಿ ಜಪಾನಿನಲ್ಲಿ ಹೊರಬಂದ ‘ಯೆಲ್ಲೋ ಲವ್‌ಲೆಸ್’ ಈ ಬಗೆಯ ಇನ್ನೊಂದು ನಿದರ್ಶನ. 1981ರಿಂದ ನುಡಿಸುತ್ತಿರುವ ಓಸಾಕದ ಶೋನೆನ್ ನೈಫ್, ಬೋರಿಸ್, ಟೋಕಿಯೋ ಶೂಗೇಜರ್ ಮುಂತಾದ ಜಪಾನಿನ ವೃಂದಗಳು ‘ಲವ್‌ಲೆಸ್’ ಕೃತಿಯ ಹಾಡುಗಳನ್ನು ಇದರಲ್ಲಿ ಹಂಚಿಕೊಂಡಿವೆ. ಹೊಸ ವೃಂದಗಳನ್ನು ಹುಡುಕುವವನಿಗೆ ಈ ಬಗೆಯು ಅತ್ಯಂತ ಉಪಯುಕ್ತ. ಕೇಳಿ ಬಲ್ಲ ಹಾಡನ್ನು ಅಪರಿಚಿತರ ಕೈಯಲ್ಲಿ ಕೇಳಿದಾಗ, ಒಂದೇ ಕೃತಿಯನ್ನು ಬೇರೆ ಬೇರೆ ವಿದ್ವಾಂಸರು ಹಾಡಿದಾಗ ಆಗುವಂತೆ, ಅವರವರ ವೈಶಿಷ್ಟ್ಯ ತಟ್ಟನೆ ಗೋಚರವಾಗುವುದು.

ನಾಲ್ಕನೆಯದು ಪ್ರಾಯೋಜಿತ ಸಂಕಲನ. ಇದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆ ಉಂಟು. ಇದು ಶೂಗೇಜಿಗಿಂತ ಬಹಳ ಹಿಂದಿನದಾದರೂ ಸಂಕಲನದ ಶಕ್ತಿಯನ್ನು ತೋರಿಸುವಂಥದು. ಸಿಗರೇಟು ಕಂಪನಿಯೊಂದು ತನ್ನ ‘ಸಿಮ್ಲಾ’ ಸಿಗರೇಟಿನ ಪ್ರಚಾರಕ್ಕಾಗಿ ನಡೆಸಿದ ಸ್ಪರ್ಧೆಯ ಫಲವಾಗಿ 1970 ಮತ್ತು 1971ರಲ್ಲಿ ‘ಸಿಮ್ಲಾ ಬೀಟ್’ ಎಂಬ ಎರಡು ಧ್ವನಿಮುದ್ರಿಕೆಗಳು ಹೊರಬಂದವು. ಷಿಲ್ಲಾಂಗಿನ ಫೆಂಟೋನ್ಸ್ ಮುಂತಾದ ವೃಂದಗಳ ನಾದವನ್ನು ನಾವು ಇಂದು ಕೇಳಲು ಸಾಧ್ಯವಾಗಿರುವುದು ಇವುಗಳಿಂದ. ಜಾಹೀರಾತಿಗಾಗಿ ಹುಟ್ಟಿದ್ದು ದಾಖಲೆಯಾಗಿ ಉಳಿಯಿತು. ಆದರೆ ಸ್ಪರ್ಧೆಗೆ ಹೋಗದ ವೃಂದಗಳ ಗತಿ ಏನಾಯಿತು ಎಂಬ ಪ್ರಶ್ನೆಗೆ ಆ ದಾಖಲೆಯಲ್ಲಿ ಉತ್ತರವಿಲ್ಲ.

3. ಸಂಕಲನದಿಂದ ವೃಂದದ ಕಡೆಗೆ

ಮೇಲಣ ನಿದರ್ಶನಗಳಿಂದ ಒಂದು ಕ್ರಮವನ್ನು ಊಹಿಸಬಹುದಾಗಿದೆ. ಶಾಸನವೊಂದು ದೊರೆತಾಗ ಬರೆಯಿಸಿದವರು ಯಾರು, ಯಾವಾಗ, ಯಾತಕ್ಕಾಗಿ ಎಂದು ನಾವು ಮೊದಲು ಕೇಳುತ್ತೇವೆ. ಸಂಕಲನವನ್ನೂ ಹಾಗೆಯೇ ಕೇಳತಕ್ಕದ್ದು. ಪತ್ರಿಕೆಯೇ, ಪ್ರಕಾಶಕರೇ, ಅಭಿಮಾನಿಯೇ, ವ್ಯಾಪಾರಿಯೇ? ಪ್ರಕಾಶಕರ ಸಂಕಲನದಲ್ಲಿ ಅವರ ಹಕ್ಕಿಗೆ ಒಳಪಟ್ಟ ಅಥವಾ ಅನುಮತಿ ದೊರೆತ ಹಾಡುಗಳು ಮಾತ್ರ ಇರುವುವೆಂಬುದನ್ನು ಮರೆಯಲಾಗದು. ಒಂದು ವೃಂದದ ಹೆಸರು ಇಲ್ಲವೆಂದಮಾತ್ರಕ್ಕೆ ಅದು ಗಣ್ಯವಲ್ಲವೆಂದು ತೀರ್ಮಾನಿಸುವುದು ತಪ್ಪು.

ಅನಂತರ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು. ಮುದ್ರಣ ನಡೆದ ಊರು, ವರ್ಷ, ಧ್ವನಿಮುದ್ರಣ ಮಾಡಿದವರ ಹೆಸರು—ಇವು ಒಂದು ವೃಂದದಿಂದ ಇನ್ನೊಂದಕ್ಕೆ ಕರೆದೊಯ್ಯುವ ಮೆಟ್ಟಿಲುಗಳು. ಮೋರ್ ಮ್ಯೂಸಿಕ್ಕಿನ ಒಂದು ಸಂಕಲನವನ್ನು ಹಿಡಿದು ಹೊರಟವನು ಆ ಸಂಸ್ಥೆಯ ಇತರ ಪ್ರಕಟಣೆಗಳ ಮೂಲಕ ಉತ್ತರ ಯೂರೋಪಿನ ನಾಲ್ಕಾರು ದೇಶಗಳನ್ನು ಸುತ್ತಿ ಬರಬಲ್ಲನು. ಸ್ವತಂತ್ರವಾದ ಎರಡು ಸಂಕಲನಗಳಲ್ಲಿ ಒಂದೇ ಅಪರಿಚಿತ ಹೆಸರು ಕಂಡುಬಂದರೆ ಅದನ್ನು ಹಿಂಬಾಲಿಸುವುದು ಲೇಸು. ಕಡೆಯದಾಗಿ, ಆ ವೃಂದದ ಒಂದು ಇಡೀ ಕೃತಿಯನ್ನು ಆದ್ಯಂತವಾಗಿ ಕೇಳತಕ್ಕದ್ದು. ಒಂದು ಪದ್ಯದಿಂದ ಕಾವ್ಯವನ್ನು ಅಳೆಯುವುದು ಹೇಗೆ ಅನುಚಿತವೋ ಒಂದು ಹಾಡಿನಿಂದ ವೃಂದವನ್ನು ಅಳೆಯುವುದೂ ಹಾಗೆಯೇ. ಇಂದು ಸಂಚಾರಿ ದೂರವಾಣಿಯಲ್ಲಿ ಲಕ್ಷಾಂತರ ಹಾಡುಗಳು ದೊರಕುತ್ತಿರುವಾಗ ಸಂಕಲನದ ಅಗತ್ಯವೇನೆಂದು ಕೇಳುವವರುಂಟು. ಯಂತ್ರವು ನಾವು ಕೇಳಿದ್ದಕ್ಕೆ ಹೋಲುವುದನ್ನು ಮುಂದಿಡುವುದು. ಆದರೆ ತಾನು ಆರಿಸಿದ್ದಕ್ಕೆ ಹೆಸರು ಹಾಕಿ ಹೊಣೆ ಹೊರುವವನು ಸಂಕಲನಕಾರ ಮಾತ್ರ.

4. ನಮ್ಮ ನಗರದ ಮಾತು

ಬೆಂಗಳೂರಿನಲ್ಲಿಯೂ ಈ ನಾದಕ್ಕೆ ಸಮೀಪವಾದ ಪ್ರಯತ್ನಗಳು ನಡೆದಿವೆ. ಇಲ್ಲಿಯ ಲೌಂಜ್ ಪಿರಾನ ವೃಂದವು 2008ರಲ್ಲಿ ‘ಗೋಯಿಂಗ್ ನೋವೇರ್’ ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿತು. ಅದನ್ನು ಸಾಮಾನ್ಯವಾಗಿ ‘ಪೋಸ್ಟ್-ರಾಕ್’ ಪ್ರಕಾರಕ್ಕೆ ಸೇರಿಸುವುದುಂಟಾದರೂ ಗಿಟಾರಿನ ದಟ್ಟವಾದ ಪದರಗಳಲ್ಲಿ ಶೂಗೇಜಿನ ನೆಂಟಸ್ತಿಕೆ ಸ್ಪಷ್ಟವಾಗಿದೆ. ಇಂಥ ಒಂದೆರಡು ಹೆಸರುಗಳಾದರೂ ಮುದ್ರಣದ ಬಲದಿಂದ ಉಳಿದುಕೊಂಡವು. ಉಳಿಯದವುಗಳ ಬಗ್ಗೆ ನಮ್ಮ ಅನುಭವದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸುತ್ತೇವೆ.

ಬಸವೇಶ್ವರನಗರದ ಬಾಡಿಗೆಯ ಕೋಣೆಯಲ್ಲಿದ್ದ ನಮ್ಮ ವಿದ್ಯಾರ್ಥಿದೆಸೆಯಲ್ಲಿ ಗೆಳೆಯರೊಬ್ಬರು ಒಂದು ಸಿ.ಡಿ.ಯನ್ನು ಕೊಟ್ಟರು. ಅದರ ಮೇಲೆ ನೀಲಿ ಶಾಯಿಯಲ್ಲಿ ‘ಮಿಕ್ಸ್, 2009’ ಎಂದಿತ್ತೇ ಹೊರತು ಬೇರೆ ಬರೆಹವಿರಲಿಲ್ಲ. ಒಟ್ಟು 14 ಹಾಡುಗಳು. ಸ್ಲೋಡೈವ್ ಎಂಬ ಹೆಸರನ್ನು ನಾವು ಅರಿತುದು ಆ ಸಿ.ಡಿ.ಯ ಹಾಡುಗಳನ್ನು ಗುರುತಿಸಲು ಹೊರಟಾಗಲೇ. ವರ್ಷಗಳು ಕಳೆದಂತೆ 12 ಹಾಡುಗಳ ವೃಂದಗಳನ್ನು ಪತ್ತೆ ಮಾಡಿದೆವು. ಮಿಕ್ಕ ಎರಡು ಇಂದಿಗೂ ಅಜ್ಞಾತ. ಅವುಗಳಲ್ಲಿ ಒಂದು ಹಾಡಿನ ಕೊನೆಯಲ್ಲಿ, ಗಿಟಾರಿನ ನಾದವೆಲ್ಲ ಅಡಗಿದ ಮೇಲೆ, ದೂರದಿಂದ ಯಾರೋ ‘ಸಾಕು, ನಿಲ್ಸೋ’ ಎನ್ನುವುದು ಕೇಳಿಸುತ್ತದೆ. ನುಡಿಸಿದವರು ನಮ್ಮವರೇ, ನಮ್ಮ ಓರಗೆಯವರೇ ಇರಬೇಕು. ಗೆಳೆಯರನ್ನು ವಿಚಾರಿಸಿದರೆ, ರಾಜಾಜಿನಗರದಲ್ಲಿ ಯಾರಿಂದಲೋ ಪಡೆದು ಪ್ರತಿಮಾಡಿಕೊಂಡದ್ದು ಎಂಬುದಕ್ಕಿಂತ ಹೆಚ್ಚೇನೂ ಅವರಿಗೆ ನೆನಪಿಲ್ಲ. ಐಸ್‌ಲೆಂಡಿನ ವೃಂದದ ವಿವರವನ್ನು ಹತ್ತು ನಿಮಿಷಗಳಲ್ಲಿ ಹೇಳಬಲ್ಲ ನಾವು, ಪ್ರಾಯಶಃ ಎರಡು ಬೀದಿಗಳಾಚೆ ನುಡಿಸುತ್ತಿದ್ದವರ ಹೆಸರನ್ನು ಹೇಳಲಾರೆವು. ಆ ಸಿ.ಡಿ.ಯೂ ಈಗ ಅಲ್ಲಲ್ಲಿ ತಡವರಿಸತೊಡಗಿದೆ. ಹಾಡುಗಳನ್ನು ಬೇರೆಡೆಗೆ ಪ್ರತಿಮಾಡಿ ಇರಿಸಿದ್ದೇವೆ. ಹೆಸರುಗಳನ್ನು ಎಲ್ಲಿಂದ ತರುವುದು?

ಆದುದರಿಂದ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಾಲೇಜುಗಳಲ್ಲಿ ಉತ್ಸವಗಳಿಗಾಗಿ ವೃಂದ ಕಟ್ಟಿ, ಒಂದೆರಡು ಹಾಡುಗಳನ್ನು ಮುದ್ರಿಸಿ, ಪರೀಕ್ಷೆ ಮುಗಿದೊಡನೆ ಚದುರಿಹೋದವರು ಇರಲೇಬೇಕು. ಅವರಲ್ಲಿ ಬಹುಮಂದಿ ಇನ್ನೂ ನಮ್ಮ ನಡುವೆಯೇ ಇರುವರು. ಅವರ ಮುದ್ರಿಕೆಗಳನ್ನು ಕಲೆಹಾಕಿ, ಪ್ರತಿಯೊಂದು ಹಾಡಿಗೂ ನುಡಿಸಿದವರ ಹೆಸರು, ಮುದ್ರಿಸಿದ ಸ್ಥಳ, ವರ್ಷ ಇಷ್ಟನ್ನಾದರೂ ಬರೆದು ಒಂದು ಸಂಕಲನವನ್ನು ಸಿದ್ಧಪಡಿಸುವುದು ಒಂದು ತರಗತಿಯ ಒಂದು ವರ್ಷದ ಕೆಲಸ. ಹಾಡುಗಳು ಉತ್ತಮವೇ ಅಲ್ಲವೇ ಎಂಬುದನ್ನು ಮುಂದಿನವರು ನಿರ್ಣಯಿಸಲಿ. ಹಾಗೆ ನಿರ್ಣಯಿಸಲು ಅವರಿಗೆ ಹಾಡೂ ಬೇಕು, ಹಾಡಿದವರ ಹೆಸರೂ ಬೇಕು. ಅಷ್ಟನ್ನು ಒದಗಿಸುವುದು ನಮ್ಮ ಪಾಲಿನ ಕರ್ತವ್ಯವೆಂದು ನಾವು ಭಾವಿಸುತ್ತೇವೆ.