ದೇವರ ಪ್ರೀತಿ, ನೆರೆಯವರ ಪ್ರೀತಿ: ಕ್ರೈಸ್ತ ಧರ್ಮದ ಎರಡು ಆಜ್ಞೆಗಳು



ಕ್ರೈಸ್ತ ಧರ್ಮದ ಸಾರವೇನೆಂದು ಕೇಳಿದರೆ ಪಂಡಿತರು ದೊಡ್ಡ ದೊಡ್ಡ ಗ್ರಂಥಗಳನ್ನು ನಮ್ಮ ಮುಂದೆ ತೆರೆದಿಡಬಹುದು. ಇದೇ ಪ್ರಶ್ನೆ ಯೇಸುಸ್ವಾಮಿಯ ಬಳಿಗೆ ಬಂದಾಗ ಅವರು ಅದಕ್ಕೆ ಎರಡೇ ಮಾತುಗಳಲ್ಲಿ ಉತ್ತರ ಕೊಟ್ಟರು. ದೇವರನ್ನು ಸರ್ವಸ್ವದಿಂದಲೂ ಪ್ರೀತಿಸುವುದು ಒಂದು. ನೆರೆಯವನನ್ನು ತನ್ನಷ್ಟೇ ಪ್ರೀತಿಸುವುದು ಇನ್ನೊಂದು. ಈ ಎರಡಕ್ಕೂ ಇರುವ ಸಂಬಂಧವೇನು, ನೆರೆಯವನೆಂದರೆ ಯಾರು, ಊರು ಬಿಟ್ಟು ಈ ಮರಳುನಾಡಿನಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಈ ವಿಚಾರ ಏಕೆ ಮುಖ್ಯ ಎಂಬುದನ್ನು ವಿವೇಚಿಸುವುದು ಈ ಉಪನ್ಯಾಸದ ಉದ್ದೇಶ. ಇದು ಮತಬೋಧೆಯಲ್ಲ. ಒಂದು ಧರ್ಮದ ತಿರುಳನ್ನು ಎಲ್ಲ ಮತಗಳ ಕನ್ನಡಿಗರೂ ಒಟ್ಟಾಗಿ ಅರಿತುಕೊಳ್ಳುವ ಪ್ರಯತ್ನವಷ್ಟೆ.

ಆಜ್ಞೆಗಳ ಮೂಲ

ಈ ಎರಡು ಮಾತುಗಳು ಯೇಸು ಹೊಸದಾಗಿ ಹೇಳಿದವುಗಳಲ್ಲ. ಯೆಹೂದ್ಯರ ಪವಿತ್ರ ಗ್ರಂಥದಲ್ಲಿ ಅವು ಶತಮಾನಗಳಿಂದ ಇದ್ದವು. ದೇವರ ಪ್ರೀತಿಯ ಮಾತು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿದೆ. ಭಕ್ತ ಯೆಹೂದ್ಯರು ಇಂದಿಗೂ ಅದನ್ನು ದಿನಕ್ಕೆರಡು ಬಾರಿ ಪಠಿಸುತ್ತಾರೆ. ನೆರೆಯವನ ಪ್ರೀತಿಯ ಮಾತು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹಲವು ವಿಧಿನಿಯಮಗಳ ನಡುವೆ ಬರುತ್ತದೆ. ದೂರ ದೂರದಲ್ಲಿದ್ದ ಈ ಎರಡನ್ನೂ ಒಂದೇ ಉಸಿರಿನಲ್ಲಿ ಜೋಡಿಸಿ, ಧರ್ಮಶಾಸ್ತ್ರವೆಲ್ಲವೂ ಇವೆರಡರ ಮೇಲೆ ನಿಂತಿದೆಯೆಂದು ಸಾರಿದುದು ಯೇಸುವಿನ ಬೋಧನೆಯ ವಿಶೇಷ.

ಯಾಜಕಕಾಂಡದ ಆ ಅಧ್ಯಾಯವನ್ನು ನಿಧಾನವಾಗಿ ಓದಿದವರಿಗೆ ಅಲ್ಲಿ ಪ್ರೀತಿಯೆಂಬುದು ಕೇವಲ ಮನಸ್ಸಿನ ಭಾವನೆಯಲ್ಲವೆಂಬುದು ತಿಳಿಯುತ್ತದೆ. ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನದ ಬೆಳಗಿನವರೆಗೆ ಇಟ್ಟುಕೊಳ್ಳಬಾರದು. ಕಿವುಡನನ್ನು ಶಪಿಸಬಾರದು, ಕುರುಡನ ದಾರಿಗೆ ಅಡ್ಡಿಯಿಡಬಾರದು. ತಕ್ಕಡಿಯಲ್ಲಿ ಮೋಸವಿರಬಾರದು. ಇವುಗಳ ನಡುವೆಯೇ ನೆರೆಯವನನ್ನು ಪ್ರೀತಿಸಬೇಕೆಂಬ ವಿಧಿಯಿದೆ. ಅದೇ ಅಧ್ಯಾಯ ಮುಂದುವರಿದು ಪರದೇಶಿಯನ್ನೂ ಹಾಗೆಯೇ ಪ್ರೀತಿಸಬೇಕೆಂದು ವಿಧಿಸುತ್ತದೆ, ಕಾರಣವನ್ನೂ ಕೊಡುತ್ತದೆ: ಇಸ್ರಾಯೇಲರು ತಾವೂ ಒಮ್ಮೆ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದರು.

ನೆರೆ ಎಂಬ ನಮ್ಮ ಪದವೂ ಗಮನಾರ್ಹವಾದುದು. ಕನ್ನಡ ಬೈಬಲ್ಲಿನ ಅನುವಾದಕರು ಇಲ್ಲಿ ಈ ಅಚ್ಚಗನ್ನಡ ಪದವನ್ನೇ ಆರಿಸಿಕೊಂಡರು. ನೆರೆ ಎಂದರೆ ಪಕ್ಕ, ಸಮೀಪ. ಅದೇ ಪದ ಕ್ರಿಯೆಯಾದಾಗ ಕೂಡು, ಸೇರು ಎಂಬ ಅರ್ಥವನ್ನು ತಾಳುತ್ತದೆ. ಪಕ್ಕದಲ್ಲಿರುವವನು ತಾನಾಗಿಯೇ ನಮ್ಮವನಾಗುವುದಿಲ್ಲ, ಅವನೊಡನೆ ನಾವು ಕೂಡಬೇಕು ಎಂಬ ಸೂಚನೆ ನಮ್ಮ ಭಾಷೆಯಲ್ಲಿಯೇ ಅಡಗಿದೆ.

ಪ್ರಶ್ನೆಯನ್ನು ತಿರುಗಿಸಿದ ಕಥೆ

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಒಬ್ಬ ಶಾಸ್ತ್ರಜ್ಞನು ಯೇಸುವನ್ನು ಕೇಳುತ್ತಾನೆ: ನನ್ನ ನೆರೆಯವನು ಯಾರು? ಅವನಿಗೆ ಬೇಕಾಗಿದ್ದುದು ಒಂದು ಮಿತಿ. ಎಲ್ಲಿಯವರೆಗಿನ ಜನರನ್ನು ಪ್ರೀತಿಸಿದರೆ ಸಾಕು, ಎಲ್ಲಿಂದಾಚೆಯವರನ್ನು ಬಿಡಬಹುದು ಎಂಬ ಲೆಕ್ಕ. ಉತ್ತರವಾಗಿ ಯೇಸು ಒಂದು ಕಥೆ ಹೇಳಿದರು.

ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ ಸುಮಾರು ಒಂದು ಸಾವಿರ ಮೀಟರ್‌ಗಳಷ್ಟು ಇಳಿಜಾರು. ನಿರ್ಜನವಾದ ಬಂಜರು ಬೆಟ್ಟಗಳ ನಡುವಿನ ಹಾದಿ. ಅಲ್ಲಿ ಕಳ್ಳರು ಒಬ್ಬ ಪ್ರಯಾಣಿಕನನ್ನು ದೋಚಿ, ಹೊಡೆದು, ಅರೆಜೀವ ಮಾಡಿ ಹೋದರು. ದೇವಾಲಯದ ಯಾಜಕನೊಬ್ಬನು ಅವನನ್ನು ಕಂಡು ಆಚೆಬದಿಯಿಂದ ಸಾಗಿದನು. ದೇವಾಲಯದ ಸೇವಕನಾದ ಲೇವಿಯನೂ ಹಾಗೆಯೇ ಮಾಡಿದನು. ಮೂರನೆಯವನಾಗಿ ಬಂದ ಸಮಾರ್ಯದವನು ಮಾತ್ರ ನಿಂತನು. ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹಾಕಿ ಕಟ್ಟಿದನು, ತನ್ನ ವಾಹನದ ಮೇಲೆ ಕುಳ್ಳಿರಿಸಿ ಛತ್ರಕ್ಕೆ ಕರೆತಂದನು, ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದನು. ಅಂದಿನ ಲೆಕ್ಕದಲ್ಲಿ ಅದು ಕೂಲಿಯವನೊಬ್ಬನ ಎರಡು ದಿನಗಳ ಸಂಬಳ.

ಯೆಹೂದ್ಯರಿಗೂ ಸಮಾರ್ಯದವರಿಗೂ ಶತಮಾನಗಳ ವೈಷಮ್ಯವಿತ್ತು. ಒಬ್ಬರ ಪುಣ್ಯಸ್ಥಳ ಯೆರೂಸಲೇಮ್, ಇನ್ನೊಬ್ಬರದು ಗೆರಿಜೀಮ್ ಬೆಟ್ಟ. ಕೇಳುಗರ ದೃಷ್ಟಿಯಲ್ಲಿ ಸಮಾರ್ಯದವನು ಧರ್ಮಭ್ರಷ್ಟನು. ಅವನನ್ನೇ ಕಥಾನಾಯಕನನ್ನಾಗಿಸಿ ಯೇಸು ಮರುಪ್ರಶ್ನೆ ಹಾಕಿದರು: ಈ ಮೂವರಲ್ಲಿ ಗಾಯಾಳುವಿಗೆ ನೆರೆಯವನಾದವನು ಯಾರು? ಶಾಸ್ತ್ರಜ್ಞನಿಗೆ ಸಮಾರ್ಯದವನೆಂಬ ಹೆಸರೇ ಬಾಯಿಗೆ ಬರಲಿಲ್ಲ. ಕರುಣೆ ತೋರಿದವನು ಎಂದಷ್ಟೇ ಹೇಳಿದನು. ಪ್ರಶ್ನೆ ಹೇಗೆ ತಿರುಗಿತೆಂಬುದನ್ನು ನೋಡಿ. ನನ್ನ ನೆರೆಯವನು ಯಾರೆಂದು ಎಣಿಸುವ ಕೆಲಸ ಮುಗಿಯಿತು. ನಾನು ಯಾರಿಗೆ ನೆರೆಯವನಾದೆ ಎಂಬ ಪ್ರಶ್ನೆ ಉಳಿಯಿತು.

ಹಾಗಾದರೆ ಸೇವೆಯೊಂದಿದ್ದರೆ ಸಾಕೇ, ದೇವರ ಪ್ರೀತಿ ಏಕೆ ಎಂಬ ಸಂದೇಹ ಏಳುವುದು ಸಹಜ. ಈ ಕಥೆಯ ಬೆನ್ನಿಗೇ ಲೂಕನು ಮಾರ್ಥ ಮತ್ತು ಮರಿಯ ಎಂಬ ಸೋದರಿಯರ ಪ್ರಸಂಗವನ್ನಿಟ್ಟಿದ್ದಾನೆ. ಅತಿಥಿಸತ್ಕಾರದಲ್ಲಿ ದಣಿದು ಸಿಡುಕುವ ಮಾರ್ಥಳಿಗಿಂತ, ಯೇಸುವಿನ ಪಾದದ ಬಳಿ ಕುಳಿತು ಆಲಿಸಿದ ಮರಿಯಳು ಉತ್ತಮವಾದುದನ್ನು ಆರಿಸಿಕೊಂಡಳೆಂದು ಅಲ್ಲಿ ಹೇಳಿದೆ. ಕ್ರೈಸ್ತ ಚಿಂತನೆಯಲ್ಲಿ ಎರಡನೆಯ ಆಜ್ಞೆ ಮೊದಲನೆಯದರ ಒರೆಗಲ್ಲು. ಕಣ್ಣಿಗೆ ಕಾಣುವ ಸೋದರನನ್ನು ದ್ವೇಷಿಸುವವನು ಕಾಣದ ದೇವರನ್ನು ಪ್ರೀತಿಸಲಾರನೆಂಬುದು ಯೋಹಾನನ ಮೊದಲ ಪತ್ರದ ವಾದ. ಹಾಗೆಯೇ ಮೊದಲನೆಯದು ಎರಡನೆಯದರ ಬೇರು. ಪ್ರತಿಫಲ ಸಿಗದಾಗಲೂ, ಕೃತಜ್ಞತೆ ಕಾಣದಾಗಲೂ ಪ್ರೀತಿ ಬಾಡದಿರುವುದು ಆ ಬೇರಿನಿಂದ. ಇದನ್ನು ಎರಡು ನಿಜವಾದ ಉದಾಹರಣೆಗಳಲ್ಲಿ ನೋಡೋಣ.

ಕಂಕನಾಡಿಯ ಆಶ್ರಯ

ಮೊದಲನೆಯದು ನಮ್ಮ ಮಂಗಳೂರಿನದು. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1878ರಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಒಂದು ಆಶ್ರಯವನ್ನು ಕಟ್ಟಿದರು. ನಾರ್ವೆಯ ವೈದ್ಯ ಹಾನ್ಸನ್ ಆ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದುದು 1873ರಲ್ಲಿ. ಡ್ಯಾಪ್ಸೋನ್ ಎಂಬ ಪರಿಣಾಮಕಾರಿ ಔಷಧ ಬಳಕೆಗೆ ಬಂದುದು 1940ರ ದಶಕದಲ್ಲಿ. ಅಂದರೆ ಮುಲ್ಲರ್ ಅವರ ಕಾಲದಲ್ಲಿ ಆ ರೋಗವನ್ನು ಗುಣಪಡಿಸುವ ಮದ್ದು ಯಾರ ಬಳಿಯೂ ಇರಲಿಲ್ಲ. ರೋಗಿಯನ್ನು ಮನೆಯವರೇ ಹೊರಗಟ್ಟುತ್ತಿದ್ದ ದಿನಗಳವು. ಕೊಡಲು ಸಾಧ್ಯವಿದ್ದುದು ಸೂರು, ಊಟ, ಗಾಯಗಳಿಗೆ ಪಟ್ಟಿ, ಮತ್ತು ಹೇಸದೆ ಹತ್ತಿರ ಕುಳಿತುಕೊಳ್ಳುವ ಒಬ್ಬ ಮನುಷ್ಯ. 1910ರಲ್ಲಿ ಅವರು ತೀರಿಕೊಂಡರು. ಅಂದಿನ ಔಷಧಾಲಯ ಇಂದು ದೊಡ್ಡ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಾಗಿ ಬೆಳೆದಿದೆ. ಆದರೆ ಗುಣವಾಗುವ ಭರವಸೆಯೇ ಇಲ್ಲದವರಿಗೆ ಬಾಗಿಲು ತೆರೆದುದೇ ಅದರ ಚರಿತ್ರೆಯ ಅತ್ಯಂತ ಬೆಲೆಯುಳ್ಳ ಪುಟ.

ಕೊಲ್ಲಿಯ ಕರಾವಳಿಯಲ್ಲಿ

ಎರಡನೆಯದು ನಾವಿರುವ ಪ್ರಾಂತ್ಯಕ್ಕೆ ಸಮೀಪದ್ದು. ಅಮೆರಿಕದ ಅರೇಬಿಯನ್ ಮಿಷನ್ ಎಂಬ ಸಂಸ್ಥೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹರೈನಿನಲ್ಲಿ ಆಸ್ಪತ್ರೆಯೊಂದನ್ನು ತೆರೆಯಿತು. ಅದರ ವೈದ್ಯ ಪಾಲ್ ಹ್ಯಾರಿಸನ್ ಅವರು ಅಬ್ದುಲ್ ಅಜೀಜ್ ಇಬ್ನ್ ಸೌದ್ ಅವರ ಆಹ್ವಾನದ ಮೇರೆಗೆ 1917ರಲ್ಲಿ ರಿಯಾದಿಗೆ ಹೋಗಿ ರೋಗಿಗಳನ್ನು ಉಪಚರಿಸಿದರು. ಅಬ್ಕೈಕಿನಲ್ಲಿ ತೈಲ ದೊರೆತುದು 1940ರಲ್ಲಿ. ಅದಕ್ಕೂ ಬಹಳ ಮುನ್ನಿನ, ಒಂಟೆಗಳ ಮೇಲೆ ಸಾಗುತ್ತಿದ್ದ ಕಾಲ ಅದು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚದೆ ಎತ್ತಬೇಕು. ಸೇವೆಯೆಂಬುದು ಮತಾಂತರದ ಬಲೆಯಲ್ಲವೇ ಎಂದು ನಮ್ಮ ನಾಡಿನಲ್ಲಿ ಹಲವರು ಕೇಳಿದ್ದಾರೆ, ಗಾಂಧೀಜಿಯವರೂ ಕೇಳಿದ್ದರು. ಪ್ರಶ್ನೆ ನ್ಯಾಯವಾದುದು. ಮಿಷನರಿಗಳಲ್ಲಿ ಅನೇಕರು ತಮ್ಮ ಉದ್ದೇಶವನ್ನು ಬಚ್ಚಿಟ್ಟವರೂ ಅಲ್ಲ. ಆದರೆ ಕಥೆಯ ಸಮಾರ್ಯದವನು ಗಾಯಾಳುವಿನ ಮತವನ್ನು ಕೇಳಲಿಲ್ಲ, ತನ್ನದನ್ನು ಬೋಧಿಸಲೂ ಇಲ್ಲ. ಛತ್ರದ ಹಣ ತೆತ್ತು ತನ್ನ ದಾರಿ ಹಿಡಿದನು. ಪ್ರೀತಿ ಕೊಕ್ಕೆಗೆ ಸಿಕ್ಕಿಸಿದ ಎರೆಯಾದರೆ ಅದು ಯೇಸುವಿನ ಆಜ್ಞೆಯನ್ನೇ ಮೀರಿದಂತೆ. ಕೊಲ್ಲಿಯ ಈ ವೈದ್ಯರ ಮಾತಿನಿಂದ ಮತ ಬದಲಿಸಿದವರು ಅತಿ ವಿರಳ. ಸೇವೆ ಕೇವಲ ಎರೆಯಾಗಿದ್ದರೆ ಕೆಲವು ವರ್ಷಗಳಲ್ಲಿಯೇ ಅಂಗಡಿ ಮುಚ್ಚಬೇಕಿತ್ತು. ಬಹರೈನಿನ ಆ ಆಸ್ಪತ್ರೆ ನೂರಿಪ್ಪತ್ತು ವರ್ಷಗಳು ದಾಟಿದ ಮೇಲೆ ಇಂದಿಗೂ ರೋಗಿಗಳನ್ನು ನೋಡುತ್ತಿದೆ. ಕಂಕನಾಡಿಯಲ್ಲಿ ರೋಗ ಗುಣವಾಗುವ ಫಲವಿರಲಿಲ್ಲ, ಇಲ್ಲಿ ಅನುಯಾಯಿಗಳು ದೊರೆಯುವ ಫಲವಿರಲಿಲ್ಲ. ಎರಡೂ ಕಡೆ ಪ್ರೀತಿ ಉಳಿಯಿತು. ಬೇರು ಎಂದು ಹೇಳಿದುದು ಇದನ್ನೇ.

ನಮ್ಮ ಪಾಲಿಗೆ

ನೆರೆಯವರ ಹಕ್ಕನ್ನು ಇಸ್ಲಾಂ ಬಹಳ ಗೌರವದಿಂದ ಕಾಣುತ್ತದೆ. ಶರಣರ ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೂ ಈ ವಿಚಾರ ಅಪರಿಚಿತವಲ್ಲ. ಧರ್ಮಗಳೆಲ್ಲ ಒಂದೇ ಎಂದು ಸುಲಭವಾಗಿ ಹೇಳಿಬಿಡುವುದಕ್ಕಿಂತ, ಪ್ರತಿಯೊಂದು ಧರ್ಮವೂ ತನ್ನ ದಾರಿಯಲ್ಲಿ ನಮ್ಮನ್ನು ಇದೇ ಬಾಗಿಲಿಗೆ ತಂದು ನಿಲ್ಲಿಸುತ್ತದೆಯೆಂದು ಹೇಳುವುದು ಹೆಚ್ಚು ಸರಿಯಾದೀತು.

ಊರಿನಲ್ಲಿ ನೆರೆಯವರು ಹುಟ್ಟಿನಿಂದಲೇ ದೊರೆಯುತ್ತಾರೆ. ಪರದೇಶದಲ್ಲಿ ನಾವು ನಮ್ಮ ಭಾಷೆಯವರನ್ನು, ನಮ್ಮ ಅಂತಸ್ತಿನವರನ್ನು ಹುಡುಕಿ ನೆರೆಯವರನ್ನಾಗಿ ಮಾಡಿಕೊಳ್ಳುತ್ತೇವೆ. ಕನ್ನಡ ಕೂಟವೂ ಹಾಗೆ ಹುಟ್ಟಿದ್ದೇ, ಅದು ತಪ್ಪಲ್ಲ. ಆದರೆ ಶಾಸ್ತ್ರಜ್ಞನ ಮಿತಿಯೂ ಹೀಗೆಯೇ ಬೆಳೆಯುತ್ತದೆ. ನಮ್ಮ ಬೀದಿಯನ್ನು ಗುಡಿಸುವವನು, ಬೇಸಗೆಯ ಬಿಸಿಲಲ್ಲಿ ಕೊಳವೆ ಹೂಳುವವನು, ಎರಡು ವರ್ಷಗಳಿಂದ ಮಗುವಿನ ಮುಖ ಕಾಣದ ಡ್ರೈವರ್, ನಾಲ್ವರೊಡನೆ ಒಂದೇ ಕೋಣೆಯಲ್ಲಿ ಮಲಗುವ ಕಾರ್ಮಿಕ: ಇವರಲ್ಲಿ ಎಷ್ಟು ಮಂದಿಯ ಹೆಸರು ನಮ್ಮ ಮಕ್ಕಳಿಗೆ ಗೊತ್ತು? ಅವರಿಗೆ ನೆರೆಯವರಾಗಲು ದೊಡ್ಡ ಸಾಹಸ ಬೇಕಿಲ್ಲ. ಮನೆಗೆಲಸದವರ ಸಂಬಳವನ್ನು ಸಕಾಲದಲ್ಲಿ ಕೊಡುವುದು, ಅರಬ್ಬಿ ಓದಲಾರದವನಿಗೆ ಒಂದು ಕಾಗದವನ್ನು ಓದಿ ಹೇಳುವುದು, ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದವನ ಬಳಿ ಅರ್ಧ ಗಂಟೆ ಕುಳಿತುಕೊಳ್ಳುವುದು, ಸಾವು ಸಂಭವಿಸಿದಾಗ ಕಾಗದಪತ್ರಗಳಿಗಾಗಿ ಓಡಾಡುವುದು. ಸಮಾರ್ಯದವನು ವ್ಯಯಿಸಿದುದು ಎರಡು ದಿನಗಳ ಕೂಲಿ, ಒಂದು ರಾತ್ರಿಯ ನಿದ್ರೆ.

ಪರದೇಶಿಯನ್ನು ಪ್ರೀತಿಸಲು ಯಾಜಕಕಾಂಡ ಕೊಡುವ ಕಾರಣ ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು? ನಾವೂ ಇಲ್ಲಿ ಪರದೇಶಿಗಳು. ರಜೆಗೆಂದು ಊರಿಗೆ ಹೋದಾಗ ಅಲ್ಲಿ ಬೇರೆ ರಾಜ್ಯಗಳಿಂದ ದುಡಿಯಲು ಬಂದವರನ್ನು ಹೇಗೆ ಕಾಣುತ್ತೇವೆಂಬುದೂ ಇದೇ ಒರೆಗಲ್ಲಿಗೆ ಬರುವ ವಿಷಯ. ದೇವರ ಪ್ರೀತಿಯನ್ನು ಅವರವರ ಪ್ರಾರ್ಥನೆ ಅರಿಯುತ್ತದೆ. ನೆರೆಯವರ ಪ್ರೀತಿಗೆ ಮಾತ್ರ ಸಾಕ್ಷಿಗಳು ಬೇಕು. ಆ ಸಾಕ್ಷಿ ನಮ್ಮ ಪಕ್ಕದಲ್ಲಿ ಬದುಕುವವರೇ.