ಒಡವೆಯ ಒಡಲು

ಬಂಗಾರವು ತುಕ್ಕು ಹಿಡಿಯದ, ಕಾಲಕ್ಕೆ ಬಗ್ಗದ ಲೋಹವೆಂಬ ಪ್ರಸಿದ್ಧಿಯು ಬಹು ಪುರಾತನವಾದುದು. ಆ ಪ್ರಸಿದ್ಧಿಯೇ ನಮ್ಮ ಮನೆಗಳ ಹಳೆಯ ಒಡವೆಗಳಿಗೆ ಅಪಕಾರವನ್ನೆಸಗಿದೆಯೆಂದರೆ ಅತ್ಯುಕ್ತಿಯಾಗಲಾರದು. ಲೋಹವು ಅಕ್ಷಯವಾದ ಮಾತ್ರಕ್ಕೆ ಅದರಿಂದಾದ ಆಭರಣವೂ ಅಕ್ಷಯವೆಂದು ಭಾವಿಸಿ, ಮದುವೆ ಮುಗಿದ ರಾತ್ರಿ ಬೆವರು, ಗಂಧ, ಅರಿಸಿನಗಳ ಸಮೇತವಾಗಿ ಅದನ್ನು ಡಬ್ಬಿಗೆ ತುಂಬಿ, ಮುಂದಿನ ಮದುವೆಯ ತನಕ ಮರೆತುಬಿಡುವುದು ಲೋಕರೂಢಿ. ಆದರೆ ಅಕ್ಕಸಾಲಿಯ ಕೈಯಿಂದ ಮೂಡಿದ ಸಾಂಪ್ರದಾಯಿಕ ಆಭರಣದಲ್ಲಿ ಬಂಗಾರವೆಂಬುದು ಎಷ್ಟೋ ವೇಳೆ ಹೊರಗಿನ ಚರ್ಮ ಮಾತ್ರ. ಅದರ ಒಡಲಲ್ಲಿ ಅರಗಿದೆ, ಕಲ್ಲಿನಡಿಯಲ್ಲಿ ತಗಡಿದೆ, ಸಂದುಗಳಲ್ಲಿ ಬೆಸುಗೆಯಿದೆ, ಇವೆಲ್ಲವನ್ನೂ ಒಂದುಗೂಡಿಸಿ ಹಿಡಿದ ನೂಲಿದೆ. ಇವುಗಳಲ್ಲಿ ಒಂದೂ ಅಕ್ಷಯವಲ್ಲ. ಒಡವೆಯ ಆರೈಕೆಯೆಂದರೆ ಇವುಗಳ ಆರೈಕೆಯೇ.

ಉತ್ತರ ಕರ್ನಾಟಕದ ಬೋರಮಾಳವನ್ನು ನೋಡಬಹುದು, ಕೊಡಗಿನ ಜೋಮಾಲೆಯನ್ನು ನೋಡಬಹುದು. ಎರಡರಲ್ಲಿಯೂ ಗುಂಡುಗಳು ಟೊಳ್ಳು. ತೆಳ್ಳಗೆ ಬಡಿದ ತಗಡನ್ನು ಅಚ್ಚಿನ ಕುಳಿಯಲ್ಲಿಟ್ಟು ಅರ್ಧಗೋಳವಾಗಿ ತಗ್ಗಿಸಿ, ಅಂತಹ ಎರಡು ಅರ್ಧಗಳನ್ನು ಬಿಳಿಗಾರ ಸೋಕಿಸಿ ಊದುಕೊಳವೆಯ ಜ್ವಾಲೆಯಲ್ಲಿ ಬೆಸೆದು, ಉಳಿಸಿಕೊಂಡ ರಂಧ್ರದ ಮೂಲಕ ಕಾಯಿಸಿದ ಅರಗನ್ನು ಒಳಗೆ ತುಂಬುವುದು ಪದ್ಧತಿ. ಅಲ್ಪ ಸ್ವರ್ಣದಲ್ಲಿ ವಿಪುಲವಾದ ಶೋಭೆಯನ್ನು ಸಾಧಿಸತಕ್ಕ ಈ ಉಪಾಯದಲ್ಲಿ, ಗುಂಡು ನಜ್ಜಾಗದಂತೆ ಒಳಗಿನಿಂದ ಆಸರೆ ಕೊಡುವುದು ಅರಗಿನ ಕೆಲಸ. ಆದರೆ ಅರಗು ಕೀಟಜನ್ಯವಾದ ರಾಳ. ಕುದಿಯುವ ನೀರಿಗಿಂತ ಎಷ್ಟೋ ಕಡಿಮೆಯ ಶಾಖಕ್ಕೇ ಅದು ಮೆತ್ತಗಾಗುವುದು, ಮದ್ಯಸಾರದಲ್ಲಿ ಕರಗುವುದು, ಬಹುಕಾಲ ಒಣಗಿದರೆ ಬಿರುಕುಬಿಟ್ಟು ರಂಧ್ರದ ಬಾಯಿಂದ ಪುಡಿಪುಡಿಯಾಗಿ ಉದುರುವುದು. ಸೆಂಟಿನ ಸೀಸೆಗಳಲ್ಲಿ ಬಹುಪಾಲು ಮದ್ಯಸಾರವೇ ಇರುವುದರಿಂದ, ಸರವನ್ನು ಕೊರಳಿಗೆ ಹಾಕಿಕೊಂಡ ಮೇಲೆ ಅದರ ಮೇಲೆಯೇ ಸೆಂಟನ್ನು ಸಿಂಪಡಿಸಿಕೊಳ್ಳುವುದು ಅವಿವೇಕ. ಬಿಸಿನೀರಿನಲ್ಲಿ ಅದ್ದುವುದಂತೂ ಇನ್ನೂ ಹೆಚ್ಚಿನ ಅಪಾಯ: ಸಡಿಲವಾದ ಅರಗು ಹೊರಕ್ಕೆ ಜಿನುಗಿ, ಆಸರೆ ತಪ್ಪಿದ ಗುಂಡು ಬೆರಳಿನ ಒತ್ತಡಕ್ಕೇ ಕುಸಿಯುತ್ತದೆ.

ಕೆಂಪಿನ ಓಲೆ, ಅಡ್ಡಿಗೆ, ಜಡೆಬಿಲ್ಲೆಗಳ ಸಂಗತಿ ಇದಕ್ಕಿಂತ ಸೂಕ್ಷ್ಮ. ಅಲ್ಲಿ ಪ್ರತಿಯೊಂದು ಕಲ್ಲಿಗೂ ಒಂದು ಪುಟ್ಟ ಮನೆ. ಮನೆಯೊಳಗೆ ಅರಗಿನ ಹಾಸು, ಹಾಸಿನ ಮೇಲೆ ಹೊಳೆಯುವ ತಗಡು, ತಗಡಿನ ಮೇಲೆ ಕಲ್ಲು, ಕಲ್ಲಿನ ಸುತ್ತ ಕುಂದಣ. ಈ ಕುಂದಣವು ಮಿಶ್ರವಿಲ್ಲದ ಅಪರಂಜಿ. ನಿತ್ಯೋಪಯೋಗದ ಆಭರಣದಲ್ಲಿ ನೂರಕ್ಕೆ 91.6 ಪಾಲು ಚಿನ್ನವಿದ್ದು ಉಳಿದುದು ತಾಮ್ರ ಬೆಳ್ಳಿಗಳಾದರೆ, ಕುಂದಣಕ್ಕೆ ಆ ಬೆರಕೆ ಸಲ್ಲದು. ಏಕೆಂದರೆ ಶುದ್ಧವಾದ ಚಿನ್ನದ ತೆಳುಪಟ್ಟಿಗಳು ಬೆಂಕಿಯ ಸಹಾಯವಿಲ್ಲದೆ, ಕೇವಲ ಒತ್ತಡದಿಂದಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆರಕೆಯಾದುದಕ್ಕೆ ಆ ಗುಣವಿಲ್ಲ. ಕೆಳಗಿನ ಅರಗು ಕರಗದಂತೆ ಮೇಲಿನ ಕಲ್ಲನ್ನು ಬಂಧಿಸಲು ನಮ್ಮ ಪೂರ್ವಿಕ ಶಿಲ್ಪಿಗಳು ಕಂಡುಕೊಂಡ ಈ ಮಾರ್ಗವು, ನನ್ನ ಮತಿಗೆ, ಇಡೀ ಅಕ್ಕಸಾಲೆವಿದ್ಯೆಯಲ್ಲಿ ಅತ್ಯಂತ ಬುದ್ಧಿವಂತಿಕೆಯದು. ಕೆಂಪಿನ ಕಾಂತಿಯ ಅರ್ಧಭಾಗವು ಆ ಕಾಣದ ತಗಡಿನ ಪ್ರತಿಫಲನದಿಂದ ಬಂದುದಾದ ಕಾರಣ, ಸಂದಿನಿಂದ ಒಂದು ಹನಿ ನೀರು ಒಳಹೊಕ್ಕು ತಗಡು ಕಪ್ಪಿಟ್ಟಿತೆಂದರೆ ಕಲ್ಲು ಒಡನೆಯೇ ಕಳೆಗುಂದುತ್ತದೆ. ಮನೆಯವರು ಕಲ್ಲೇ ಖೋಟಾ ಎಂದು ಅನುಮಾನಿಸತೊಡಗುವುದು ಆಗ. ವಾಸ್ತವದಲ್ಲಿ ಮಾಣಿಕ್ಯವು ವಜ್ರವನ್ನುಳಿದರೆ ಅತ್ಯಂತ ಕಠಿನವಾದ ರತ್ನಗಳಲ್ಲೊಂದು, ಅದಕ್ಕೇನೂ ಆಗಿರುವುದಿಲ್ಲ.

ಅಂಟುವಾಳದ ನೊರೆಯಲ್ಲಿ ಒಡವೆ ತೊಳೆಯುವ ವಾಡಿಕೆ ನಮ್ಮಲ್ಲಿ ಬಹಳ ಹಿಂದಿನದು, ಮತ್ತು ಒಳ್ಳೆಯದು. ಗಟ್ಟಿ ಬಳೆ, ಸರಪಣಿ, ಕಡಗಗಳಿಗೆ ಅದಕ್ಕಿಂತ ಸೌಮ್ಯವಾದ ಸಾಧನ ಬೇರೆ ಬೇಕಿಲ್ಲ. ಅರಗು ತುಂಬಿದ, ಕಲ್ಲು ಕೂರಿಸಿದ ಒಡವೆಗಳನ್ನು ಮಾತ್ರ ಮುಳುಗಿಸಕೂಡದು; ತೇವವಾದ ಮೆತ್ತನೆಯ ಬಟ್ಟೆಯಿಂದ ಒರಸಿ, ಕೂಡಲೇ ಒಣಬಟ್ಟೆಯಿಂದ ತೇವವನ್ನು ಹೀರಿಸಿ, ನೆರಳಿನಲ್ಲಿ ಗಾಳಿಗೆ ಬಿಡತಕ್ಕದ್ದು. ಬೂದಿ, ಹಲ್ಲುಜ್ಜುವ ಪೇಸ್ಟುಗಳಿಂದ ತಿಕ್ಕುವವರು ಹೊಳಪನ್ನು ಪಡೆಯುತ್ತಾರೆಂಬುದು ನಿಜ. ಮೃದುವಾದ ಚಿನ್ನದ ಮೇಲೆ ಉಳಿಯ ಮೊನೆಯಿಂದ ಬಿಡಿಸಿದ ಹೂವಿನ ಗೆರೆಗಳನ್ನು ಅದಕ್ಕೆ ಬೆಲೆಯಾಗಿ ತೆರುತ್ತಾರೆ. ಬಾಗಿಲಿಗೆ ಬಂದು ಕ್ಷಣಾರ್ಧದಲ್ಲಿ ಪಾಲಿಶ್ ಮಾಡಿಕೊಡುವೆನೆನ್ನುವ ಅಪರಿಚಿತನ ಬಟ್ಟಲಿನಲ್ಲಿರುವುದು ರಾಜಾಮ್ಲವಾಗಿದ್ದರೆ, ಚಿನ್ನವನ್ನೇ ಕರಗಿಸಬಲ್ಲ ಆ ದ್ರವವು ಕೊಳೆಯೊಡನೆ ಒಡವೆಯ ಒಂದಂಶವನ್ನೂ ಕೊಂಡೊಯ್ಯುವುದು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಪರೀಕ್ಷೆಯ ವಿಚಾರವಿದೆ. ಪರೀಕ್ಷೆಯಲ್ಲಿ ರತ್ನಗಳಿಗೆ ಜಾತಿಭೇದವಿದ್ದಂತೆ ಆರೈಕೆಯಲ್ಲಿಯೂ ಭೇದವುಂಟು. ಮುತ್ತು, ಹವಳಗಳು ಮೂಲತಃ ಸುಣ್ಣದ ಅಂಶ. ಹುಣಿಸೆ, ನಿಂಬೆಗಳ ಹುಳಿ ಅವನ್ನು ತಿನ್ನುತ್ತದೆ, ಬೆವರೂ ಅವಕ್ಕೆ ಹಿತವಲ್ಲ. ಕಠಿನವಾದ ಕಲ್ಲು ಮೃದುವಾದುದನ್ನು ಗೀರುವುದರಿಂದ ಒಂದೊಂದು ಒಡವೆಯನ್ನೂ ಬೇರೆ ಬೇರೆ ಮಲ್ಲಿನ ಬಟ್ಟೆಯಲ್ಲಿ ಸುತ್ತಿಡಬೇಕು. ಪಾದರಸವೂ ಚಿನ್ನಕ್ಕೇ ನೇರವಾದ ಶತ್ರು: ಒಡೆದ ಥರ್ಮಾಮೀಟರಿನ ಒಂದು ಹನಿ ತಾಗಿದರೂ ಉಂಗುರ ಬೆಳ್ಳಗಾಗಿ ಪೆಡಸಾಗುತ್ತದೆ.

ಇನ್ನು ನೂಲು. ಒಡವೆಯ ಅಂಗಗಳಲ್ಲೆಲ್ಲ ಅತ್ಯಂತ ಅಗ್ಗವಾದುದು, ಆದ್ದರಿಂದಲೇ ಅತ್ಯಂತ ಅಲಕ್ಷ್ಯಕ್ಕೊಳಗಾದುದು. ಉತ್ತರ ಕರ್ನಾಟಕದ ಕಡೆ ಪಟವೇಗಾರರೆಂದು ಹೆಸರಾದವರು ರೇಷ್ಮೆಯ ಎಳೆಗಳನ್ನು ಹೊಸೆದು, ಗುಂಡಿಗೂ ಗುಂಡಿಗೂ ನಡುವೆ ಗಂಟಿಕ್ಕಿ, ಹಿಂಬದಿಯಲ್ಲಿ ಕುಚ್ಚು ಕಟ್ಟಿ ಸರಗಳನ್ನು ಪೋಣಿಸುವ ಕುಶಲಿಗಳು. ನಡುವಣ ಆ ಗಂಟು ಅಲಂಕಾರಕ್ಕಾಗಿ ಬಂದುದಲ್ಲ; ಗುಂಡುಗಳು ಒಂದನ್ನೊಂದು ಉಜ್ಜದಂತೆಯೂ, ಎಳೆ ಹರಿದರೆ ಎಲ್ಲವೂ ಏಕಕಾಲಕ್ಕೆ ಚೆಲ್ಲಾಪಿಲ್ಲಿಯಾಗದಂತೆಯೂ ಅದು ಕಾಯುತ್ತದೆ. ರೇಷ್ಮೆಯು ಬೆವರನ್ನೂ ಎಣ್ಣೆಯನ್ನೂ ಹೀರಿ ಒಳಗೊಳಗೇ ಜೀರ್ಣವಾಗುತ್ತ, ರಂಧ್ರದ ಹರಿತವಾದ ಅಂಚಿಗೆ ಸವೆಯುತ್ತ ಬಂದು, ಕಡೆಗೆ ಜನಜಂಗುಳಿಯ ನಡುವೆಯೇ ತುಂಡಾಗುವುದು. ನೂಲು ಬಣ್ಣಗೆಟ್ಟಾಗ, ಗುಂಡುಗಳ ನಡುವೆ ಎಡೆ ಕಾಣಿಸಿಕೊಂಡಾಗ, ಅಥವಾ ಎಳೆದು ನೋಡಿದರೆ ನಾರು ಬಿಚ್ಚಿಕೊಂಡಾಗ ಪೋಣಿಸುವವರ ಬಳಿಗೆ ಕಳುಹಿಸತಕ್ಕದ್ದು. ಗಟ್ಟಿಯಿರಲೆಂದು ನೈಲಾನ್ ದಾರಕ್ಕೋ ಲೋಹದ ತಂತಿಗೋ ಬದಲಾಯಿಸುವವರಿದ್ದಾರೆ. ಹರಿಯಬೇಕಾದಾಗ ಹರಿಯದ ತಂತಿಯು ತೆಳುವಾದ ಚಿನ್ನದ ಅಂಚನ್ನು ಕೊಯ್ಯುವುದರಿಂದ ನಾನು ಅದನ್ನು ಒಪ್ಪಲಾರೆ. ರೇಷ್ಮೆ ಸವೆದರೆ ಹೊಸ ರೇಷ್ಮೆ ಬರುತ್ತದೆ, ಗುಂಡು ಸವೆದರೆ ಅದೇ ಗುಂಡು ಮತ್ತೆ ಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಹಳೆಯ ಒಡವೆಗಳ ಪೈಕಿ ನೀರಿಗೂ ಬೆವರಿಗೂ ಬಲಿಯಾದವುಗಳಿಗಿಂತ ಮೂಸೆಗೆ ಬಲಿಯಾದವೇ ಅಧಿಕ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದ ಮದನಿಕೆಯರ ಮೈಮೇಲೆ ಹಾರ, ವಂಕಿ, ಡಾಬುಗಳು ಕಲ್ಲಿನಲ್ಲಿ ಇಂದಿಗೂ ಇವೆ. ಆ ಶಿಲ್ಪಿಗಳ ಕಣ್ಣಮುಂದೆ ಅಂದು ತಿರುಗಾಡಿದ ಸ್ತ್ರೀಯರ ಚಿನ್ನವು ಅದೆಷ್ಟು ಸಲ ಕರಗಿ ಅದೆಷ್ಟು ರೂಪಗಳನ್ನು ತಳೆದಿದೆಯೋ ಬಲ್ಲವರಾರು? 1963ರಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣದ ನಿಯಮಗಳು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧಿಯ ಹೊಸ ಆಭರಣ ಮಾಡುವುದನ್ನೇ ನಿಷೇಧಿಸಿದಾಗ ಅಕ್ಕಸಾಲಿಗರು ಅಸಂಖ್ಯರಾಗಿ ಕಸುಬು ತೊರೆದರು. ನಿಯಂತ್ರಣದ ಕಾನೂನು 1990ರಲ್ಲಿ ರದ್ದಾಯಿತಾದರೂ ತೊರೆದವರ ಮಕ್ಕಳು ಮರಳಿ ಕುಲುಮೆಯ ಮುಂದೆ ಕೂರಲಿಲ್ಲ. ರಿಪೇರಿ ಬಲ್ಲ ಕೈಗಳು ವಿರಳವಾದಂತೆ, ನಜ್ಜಾದ ಬೋರಮಾಳವನ್ನು ಅಂಗಡಿಗೆ ಕೊಂಡೊಯ್ದು, ಅರಗಿನ ತೂಕ, ಕಲ್ಲಿನ ತೂಕ, ಸವಕಲಿನ ತೂಕಗಳನ್ನು ಕಳೆದು ಉಳಿದ ಚಿನ್ನಕ್ಕೆ ಮಾತ್ರ ಬೆಲೆ ಕಟ್ಟಿಸಿಕೊಂಡು, ಯಂತ್ರದ ಹೊಸ ಸರವನ್ನು ತರುವುದು ಸುಲಭೋಪಾಯವೆನಿಸಿದೆ. ಆ ಲೆಕ್ಕದಲ್ಲಿ ಕೈಗೆಲಸದ ಕಲಮೇ ಇಲ್ಲ. ಮಾಡಿಸಿದ ದಿನ ಕೊಟ್ಟ ಮಜೂರಿಯೂ ಮರಳದು.

ಬೆಂಗಳೂರಿನ ನಗರ್ತಪೇಟೆಯ ಓಣಿಗಳಲ್ಲಿ, ಹಳೆಯ ಊರುಗಳ ಚಿನಿವಾರ ಬೀದಿಗಳಲ್ಲಿ ವಿಚಾರಿಸಿದರೆ, ಜಿನುಗಿದ ಅರಗನ್ನು ತೆಗೆದು, ನಜ್ಜನ್ನು ಎತ್ತಿ, ಮತ್ತೆ ಅರಗು ತುಂಬುವವರು, ಕಲ್ಲನ್ನು ಬಿಡಿಸಿ ತಗಡು ಬದಲಿಸಿ ಹೊಸ ಕುಂದಣ ಕಟ್ಟುವವರು ದೊರೆಯಬಹುದು. ಕೊಡುವ ಮುನ್ನ ಛಾಯಾಚಿತ್ರ ತೆಗೆಸಿ, ಗುಂಡುಗಳನ್ನೂ ಕಲ್ಲುಗಳನ್ನೂ ಎಣಿಸಿ ಬರೆದಿಟ್ಟುಕೊಳ್ಳುವುದು ಉಭಯರಿಗೂ ಕ್ಷೇಮ. ತೂಕವನ್ನು ಮಾತ್ರ ಹಟವಾಗಿ ಹಿಡಿಯಬಾರದು. ಹಳೆಯ ಅರಗು ಹೋಗಿ ಹೊಸದು ಬಂದಾಗ ಅದು ಕಿಂಚಿತ್ ಹೆಚ್ಚುಕಡಿಮೆಯಾಗುವುದು ಸಹಜ. ಅಕ್ಕಸಾಲಿಯು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ನೆನೆದು, ಒಂದೆರಡು ಗುಲಗಂಜಿಯ ವ್ಯತ್ಯಾಸಕ್ಕೆ ಕೆಲಸ ಮಾಡಿಕೊಟ್ಟ ವೃದ್ಧನೊಡನೆ ಜಗಳಕ್ಕೆ ನಿಂತರೆ, ಮುಂದಿನ ಸಲ ಅವನು ಹಳೆಯ ಒಡವೆಯ ಕೆಲಸವನ್ನೇ ಹಿಡಿಯಲಿಕ್ಕಿಲ್ಲ.