ಕಾಳ್ಗಿಚ್ಚಿನ ಕಾಯಿದೆಯೂ ಭೂಮಿಯೊಡೆಯನ ಹೊಣೆಯೂ

ಕಾಡಿಗೆ ಬೆಂಕಿ ಬಿದ್ದಾಗ ಅದನ್ನು ಆರಿಸಬೇಕಾದವರು ಯಾರು? ಅರಣ್ಯ ಇಲಾಖೆಯವರು ಎಂಬ ಉತ್ತರ ಯಾರ ಬಾಯಿಂದಲೂ ಸಹಜವಾಗಿ ಬರುವಂಥದು. ಆದರೆ ಕಾಯಿದೆ ಆ ಹೊಣೆಯನ್ನು ಇಲಾಖೆಯೊಂದಕ್ಕೇ ಬಿಟ್ಟಿಲ್ಲ. ೧೯೨೭ರ ಭಾರತೀಯ ಅರಣ್ಯ ಕಾಯಿದೆಯ ೭೯ನೆಯ ಕಲಮು ಕೆಲವು ವರ್ಗದ ಜನರನ್ನು ಹೆಸರಿಸಿ ಅವರ ಮೇಲೆ ಈ ಹೊಣೆ ಹೊರಿಸುತ್ತದೆ. ಕಾದಿಟ್ಟ ಅಥವಾ ರಕ್ಷಿತ ಅರಣ್ಯದಲ್ಲಿ ಯಾವುದಾದರೊಂದು ಹಕ್ಕನ್ನು ಅನುಭವಿಸುವವರು, ಅಲ್ಲಿ ದನ ಮೇಯಿಸಲೋ ಮರ ಕಡಿಯಲೋ ಅರಣ್ಯೋತ್ಪನ್ನ ಒಯ್ಯಲೋ ಅನುಮತಿ ಪಡೆದವರು, ಅವರ ಆಳುಗಳು, ಮತ್ತು ಅರಣ್ಯಕ್ಕೆ ತಗುಲಿದ ಗ್ರಾಮದಲ್ಲಿದ್ದು ಸರಕಾರದ ಸಂಬಳ ಅಥವಾ ಗ್ರಾಮಸೇವೆಗಾಗಿ ಸರಕಾರದ ಸಂಭಾವನೆ ಪಡೆಯುವವರು, ಇಷ್ಟು ಜನ ಬೆಂಕಿಯ ಸುದ್ದಿ ತಿಳಿದೊಡನೆ ಅದನ್ನು ಆರಿಸಲು ತೊಡಗಬೇಕು. ಕಾಡಿನ ಹೊರಗೆ ಎದ್ದ ಬೆಂಕಿ ಕಾಡಿಗೆ ಹಬ್ಬದಂತೆ ತಡೆಯಬೇಕು. ಅಧಿಕಾರಿ ಬಂದು ಕರೆಯಲಿ ಎಂದು ಕಾಯುವಂತಿಲ್ಲ. ತಪ್ಪಿದರೆ, ಕೇಂದ್ರ ಕಾಯಿದೆಯ ಮೂಲಪಾಠದಂತೆ, ಒಂದು ತಿಂಗಳವರೆಗೆ ಸೆರೆ ಅಥವಾ ೨೦೦ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಯುಕ್ತವಾದ ಕಾರಣವಿತ್ತು ಎಂದು ರುಜುವಾತು ಪಡಿಸುವ ಭಾರವೂ ತಪ್ಪಿದವನದೇ.

ಈ ಪಟ್ಟಿಯನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಗೋಚರಿಸದಿರದು. ಇದರಲ್ಲಿ ಭೂಮಿಯೊಡೆಯನಿಲ್ಲ. ಕಾಡಿನ ಅಂಚಿನಲ್ಲಿ ಹತ್ತೆಕರೆ ಜಮೀನುಳ್ಳವನು, ಕಾಡಿನಿಂದ ಒಂದು ಹೊರೆ ಹುಲ್ಲನ್ನೂ ತರುವವನಲ್ಲದಿದ್ದರೆ, ಈ ಕಲಮಿನ ಹೊರಗೇ ಉಳಿಯುತ್ತಾನೆ. ಹೊಣೆ ಹುಟ್ಟುವುದು ಒಡೆತನದಿಂದಲ್ಲ, ಬಳಕೆಯಿಂದ. ಕಾಡಿನ ಪ್ರಯೋಜನ ಪಡೆಯುವವನೇ ಕಾಡನ್ನು ಕಾಯಲಿ ಎಂಬ ಈ ನ್ಯಾಯದಲ್ಲಿ ಅರ್ಥವಿಲ್ಲದಿಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡಕೆ ತೋಟಕ್ಕೂ ಕೊಟ್ಟಿಗೆಗೂ ತರಗೆಲೆ ಬೇಕಾದವನು ಬೇಸಗೆಗೆ ಮುನ್ನವೇ ಅದನ್ನು ಗುಡಿಸಿ ಒಯ್ಯುತ್ತಾನೆ. ಬೆಂಕಿಗೆ ಸಿಗಬೇಕಾದ ಮೇವು ಅಷ್ಟು ಕಡಿಮೆಯಾಗುತ್ತದೆ.

ಆದರೆ ಈ ನ್ಯಾಯ ನಿಲ್ಲಬೇಕಾದರೆ ಹಕ್ಕು ನಿಜವಾಗಿ ಇರಬೇಕು. ಹಕ್ಕನ್ನು ಕಿತ್ತುಕೊಂಡು ಹೊಣೆಯನ್ನು ಮಾತ್ರ ಉಳಿಸಿದರೆ ಅದು ಬಿಟ್ಟಿಯಾಗುತ್ತದೆ. ಕುಮಾವೂಂ ಪ್ರಾಂತದಲ್ಲಿ ಆದದ್ದು ಇದೇ.

೧೯೧೧ರಿಂದ ೧೯೧೭ರ ವರೆಗೆ ಅಲ್ಲಿ ನಡೆದ ಅರಣ್ಯ ವ್ಯವಸ್ಥಾಪನೆಯಲ್ಲಿ ಹಳ್ಳಿಗರು ತಲತಲಾಂತರದಿಂದ ಬಳಸುತ್ತಿದ್ದ ವಿಸ್ತಾರವಾದ ಬೆಟ್ಟಗಳು ಕಾದಿಟ್ಟ ಅರಣ್ಯಗಳಾದವು. ಸರಕಾರಕ್ಕೆ ಬೇಕಾಗಿದ್ದುದು ಚೀಡ್ ಎಂಬ ಪೈನ್ ಜಾತಿಯ ಮರ. ಅದರ ರಾಳದಿಂದ ಟರ್ಪೆಂಟೈನ್, ದಿಮ್ಮಿಯಿಂದ ರೈಲು ಹಳಿಯ ಸ್ಲೀಪರುಗಳು. ಈ ಮರದ ಸೂಜಿಯಂಥ ಎಲೆಗಳನ್ನು ಅಲ್ಲಿಯವರು ಪಿರೂಲ್ ಎನ್ನುತ್ತಾರೆ. ಬೇಸಗೆಯಲ್ಲಿ ಉದುರಿ ದಟ್ಟವಾಗಿ ಹಾಸುವ ಪಿರೂಲ್ ಹುಲ್ಲು ಏಳಗೊಡದು, ಒಣಗಿದ ಮೇಲೆ ಕಿಡಿ ತಾಗಿದರೆ ಸಾಕು. ಹೊಸ ಹುಲ್ಲಿಗಾಗಿ ಹಳ್ಳಿಗರು ನೆಲ ಸುಡುವುದು ಹಳೆಯ ರೂಢಿ. ಕಾಯಿದೆಯ ದೃಷ್ಟಿಯಲ್ಲಿ ಅದು ಅಪರಾಧ. ೨೬ನೆಯ ಕಲಮು ಇನ್ನೂ ಮುಂದೆ ಹೋಗಿ, ಬುದ್ಧಿಪೂರ್ವಕವಾಗಿಯೋ ಘೋರ ಅಲಕ್ಷ್ಯದಿಂದಲೋ ಕಾದಿಟ್ಟ ಅರಣ್ಯಕ್ಕೆ ಬೆಂಕಿ ಬಿದ್ದರೆ ಅಲ್ಲಿಯ ಮೇವಿನ ಹಕ್ಕುಗಳನ್ನೂ ಉತ್ಪನ್ನದ ಹಕ್ಕುಗಳನ್ನೂ ತನಗೆ ತೋರಿದಷ್ಟು ಕಾಲ ಅಮಾನತಿನಲ್ಲಿಡುವ ಅಧಿಕಾರವನ್ನು ಸರಕಾರಕ್ಕೆ ಕೊಡುತ್ತದೆ. ಸಾಲಗಾರನೊಬ್ಬ ತಪ್ಪಿದ್ದಕ್ಕೆ ಊರವರೆಲ್ಲರ ಖಾತೆಗಳನ್ನೂ ಮುಚ್ಚಿದಂತೆ ಇದು.

೧೯೨೧ರ ಜನವರಿಯಲ್ಲಿ, ಉತ್ತರಾಯಣದ ಜಾತ್ರೆಯ ದಿನಗಳಲ್ಲಿ, ಬಾಗೇಶ್ವರದಲ್ಲಿ ನೆರೆದ ಜನ ಬಿಟ್ಟಿ ಕೂಲಿಯ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಬದರಿ ದತ್ತ ಪಾಂಡೆ ಅವರು ಮುಂದಾಳುಗಳಲ್ಲೊಬ್ಬರು. ಅದೇ ಬೇಸಗೆಯಲ್ಲಿ ಕುಮಾವೂಂದ ಕಾಡುಗಳು ಹೊತ್ತಿ ಉರಿದವು. ಸುಮಾರು ಎರಡೂವರೆ ಲಕ್ಷ ಎಕರೆ ಸುಟ್ಟಿತು. ಬೆಂಕಿ ಆರಿಸಲು ಬರಬೇಕಾದವರು ಬರಲಿಲ್ಲ. ಇತಿಹಾಸಕಾರ ರಾಮಚಂದ್ರ ಗುಹಾ ಅವರು ಎತ್ತಿ ತೋರಿಸಿರುವ ಒಂದು ಅಂಶ ಇಲ್ಲಿ ಗಮನಾರ್ಹ: ಉರಿದದ್ದು ಹೆಚ್ಚಾಗಿ ಸರಕಾರದ ವ್ಯಾಪಾರದ ಚೀಡ್ ಕಾಡು. ಮೇವು, ಸೌದೆ, ಗೊಬ್ಬರಕ್ಕೆ ಸೊಪ್ಪು ಒದಗಿಸುತ್ತಿದ್ದ ಅಗಲ ಎಲೆಯ ಕಾಡುಗಳು ಸರಕಾರದ ಹತೋಟಿಯಲ್ಲಿಯೇ ಇದ್ದರೂ ಅವಕ್ಕೆ ಬೆಂಕಿ ತಗುಲಲಿಲ್ಲ. ಯಾವುದು ತಮ್ಮದು, ಯಾವುದು ತಮ್ಮದಲ್ಲ ಎಂಬುದನ್ನು ಹಳ್ಳಿಗರು ಕಾಯಿದೆಗಿಂತ ಸ್ಪಷ್ಟವಾಗಿ ಬಲ್ಲವರಾಗಿದ್ದರು.

ಸರಕಾರ ಪಾಠ ಕಲಿಯಿತು, ತಡವಾಗಿಯಾದರೂ. ಕಮಿಷನರ್ ವಿಂಡಮ್ ಅವರ ಅಧ್ಯಕ್ಷತೆಯಲ್ಲಿ ಕುಂದುಕೊರತೆಗಳ ಸಮಿತಿ ಕುಳಿತಿತು. ಕಾದಿಟ್ಟ ಅರಣ್ಯದ ಬಹುಭಾಗ ಅರಣ್ಯ ಇಲಾಖೆಯ ಕೈ ಬಿಟ್ಟಿತು. ೧೯೩೧ರಲ್ಲಿ ವನ ಪಂಚಾಯತಿಗಳ ನಿಯಮಗಳು ಬಂದವು. ಗ್ರಾಮಸ್ಥರೇ ಆರಿಸಿದ ಪಂಚರು ಗ್ರಾಮದ ಕಾಡನ್ನು ನೋಡಿಕೊಳ್ಳುವ ಈ ಏರ್ಪಾಡು ಇಂದಿಗೂ ಜೀವಂತವಾಗಿದ್ದು, ಉತ್ತರಾಖಂಡದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕು ವನ ಪಂಚಾಯತಿಗಳಿವೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆ ಇದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ. ಅದರ ೫ನೆಯ ಕಲಮಿನಲ್ಲಿ ಹಕ್ಕುದಾರರೂ ಗ್ರಾಮಸಭೆಯೂ ಕಾಡನ್ನು ರಕ್ಷಿಸಲು 'ಬದ್ಧರು' ಎಂದಿಲ್ಲ, 'ಅಧಿಕಾರವುಳ್ಳವರು' ಎಂದಿದೆ. ೧೯೨೭ರ ಕಾಯಿದೆಯ ಕರ್ತವ್ಯ ಇಲ್ಲಿ ಹಕ್ಕಾಗಿ ಮಾರ್ಪಟ್ಟಿದೆ.

ಇಷ್ಟಾದ ಮೇಲೂ ೨೦೧೬ರಲ್ಲಿ ಉತ್ತರಾಖಂಡದ ಕಾಡು ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕು ಸುಟ್ಟಿತು. ೨೦೨೪ರ ಬೇಸಗೆಯ ಬೆಂಕಿ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. ಮಳೆಯಿಲ್ಲದ ಚಳಿಗಾಲ, ಉಷ್ಣ, ಇಲಾಖೆಯ ಆಳುಗಳ ಕೊರತೆ, ಇವೆಲ್ಲ ಕಾರಣಗಳೇ. ಕಾಯಿದೆಯ ವಿದ್ಯಾರ್ಥಿಗೆ ಮುಖ್ಯವಾದ ಕಾರಣ ಬೇರೊಂದು. ೨೦೧೧ರ ಜನಗಣತಿ ಆ ರಾಜ್ಯದಲ್ಲಿ ಸಾವಿರಕ್ಕೂ ಮಿಕ್ಕು ನಿರ್ಜನ ಗ್ರಾಮಗಳನ್ನು ಎಣಿಸಿತು. ಜನ ದಿಲ್ಲಿಗೂ ಬಯಲು ಸೀಮೆಗೂ ಇಳಿದಿದ್ದಾರೆ. ಹುಲ್ಲು ಕೊಯ್ಯುವವರಿಲ್ಲ, ಎಲೆ ಗುಡಿಸುವವರಿಲ್ಲ. ಪಾಳುಬಿದ್ದ ಹೊಲದಲ್ಲಿ ಪೊದೆ ಬೆಳೆದು ಕಾಡಿನ ಬೆಂಕಿಗೆ ಮನೆಯ ಬಾಗಿಲವರೆಗೆ ದಾರಿಯಾಗಿದೆ. ಬಳಕೆಯ ಮೇಲೆ ನಿಂತ ಹೊಣೆ ಬಳಸುವವನೇ ಹೋದ ಮೇಲೆ ಯಾರ ಮೇಲೆ ನಿಲ್ಲಬೇಕು? ಊರುಬಿಟ್ಟ ಒಡೆಯನನ್ನು ೭೯ನೆಯ ಕಲಮು ಮುಟ್ಟುವುದಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೮೭ನೆಯ ಕಲಮು ಬೆಂಕಿಯ ವಿಷಯದಲ್ಲಿ ಅಲಕ್ಷ್ಯ ತೋರಿದವನಿಗೆ ಶಿಕ್ಷೆ ಹೇಳುತ್ತದೆ. ಆದರೆ ಅಲ್ಲಿ ಹೇಳಿರುವುದು ತನ್ನ ವಶದಲ್ಲಿರುವ ಬೆಂಕಿ ಅಥವಾ ಸುಲಭವಾಗಿ ಉರಿಯುವ ವಸ್ತುವಿನ ಮಾತು. ಊರುಬಿಟ್ಟವನು ಹೊಲದಲ್ಲಿ ಒಣಹುಲ್ಲನ್ನು ಬೆಳೆಯಗೊಟ್ಟದ್ದು ಅದರೊಳಗೆ ಬರುತ್ತದೆಯೆ ಎಂಬುದು ಸ್ಪಷ್ಟವಿಲ್ಲ.

ಈ ಪ್ರಶ್ನೆಗೆ ಒಡೆತನದ ಕಡೆಯಿಂದ ಉತ್ತರ ಹುಡುಕಿದ ದೇಶ ಪೋರ್ತುಗಾಲ್. ಅಲ್ಲಿ ಸರಕಾರಿ ಅರಣ್ಯ ಅತ್ಯಲ್ಪ. ಕಾಡೆಲ್ಲ ಸಣ್ಣ ಸಣ್ಣ ಖಾಸಗಿ ಹಿಡುವಳಿಗಳಾಗಿ ಹರಿದು ಹಂಚಿದೆ, ವಾರಸುದಾರರು ಲಿಸ್ಬನ್ನಿನಲ್ಲೋ ಪರದೇಶದಲ್ಲೋ ಇರುತ್ತಾರೆ. ೨೦೦೬ರಲ್ಲಿಯೇ ಅಲ್ಲಿಯ ಕಾಯಿದೆ, ಮನೆಗಳ ಸುತ್ತ ೫೦ ಮೀಟರಿನ ವರೆಗೆ ಪೊದೆ, ಒಣಹುಲ್ಲು ಸವರುವುದು ಆ ನೆಲ ಯಾರ ವಶದಲ್ಲಿದೆಯೋ ಅವರ ಕರ್ತವ್ಯವೆಂದು ವಿಧಿಸಿತು. ನೆರೆಯವನ ಮನೆಯನ್ನು ಉಳಿಸಲು ತನ್ನ ನೆಲ ಸವರಬೇಕೆಂಬುದು ಇದರ ಸ್ವಾರಸ್ಯ. ಬಹಳ ಕಡೆ ಅದು ಪುಸ್ತಕದಲ್ಲಿಯೇ ಉಳಿಯಿತು. ೨೦೧೭ರ ಜೂನಿನಲ್ಲಿ ಪೆಡ್ರೋಗಾವ್ ಗ್ರಾಂಡೆಯ ಬೆಂಕಿಯಲ್ಲಿ ೬೬ ಜನ ಸತ್ತ ಬಳಿಕ, ೨೦೧೮ಕ್ಕೆ ಮಾರ್ಚ್ ೧೫ರ ಗಡುವು ಇಟ್ಟು ದಂಡವನ್ನು ಇಮ್ಮಡಿ ಮಾಡಲಾಯಿತು. ಒಡೆಯ ಸವರದಿದ್ದರೆ ಪುರಸಭೆಯೇ ಸವರಿಸಿ ಖರ್ಚನ್ನು ವಸೂಲು ಮಾಡಬಹುದೆಂದಾಯಿತು. ಆಗ ತೊಡರಿದ್ದು ಒಂದೇ ಗಂಟು: ಒಡೆಯನಾರು? ಉತ್ತರದ ಮತ್ತು ನಡುವಣ ಸೀಮೆಯ ಬಹುಭಾಗಕ್ಕೆ ಸರಿಯಾದ ಭೂದಾಖಲೆಯೇ ಇರಲಿಲ್ಲ. ಹಾಗಾಗಿ ಬೆಂಕಿಯ ಕಾಯಿದೆಯ ಬೆನ್ನಿಗೇ ಅದೇ ವರ್ಷ ಸರಳೀಕೃತ ಭೂನೋಂದಣಿಯ ಕಾಯಿದೆಯನ್ನೂ ಮಾಡಬೇಕಾಯಿತು.

ಕುಮಾವೂಂ ಗಢವಾಲಗಳ ಬೆಟ್ಟದ ಹಳ್ಳಿಗಳಲ್ಲಿ 'ಗೋಲ್ ಖಾತಾ' ಎಂಬುದೊಂದಿದೆ. ಅಜ್ಜನ ಅಥವಾ ಮುತ್ತಜ್ಜನ ಹೆಸರಿನಲ್ಲಿ ಉಳಿದ ಒಂದೇ ಜಂಟಿ ಖಾತೆ. ಪಾಲುಗಾರರ ಪಾಲು ಕಾಗದದ ಮೇಲೆ ಬಿಡಿಸಿಲ್ಲ. ಪೋರ್ತುಗಾಲಿನ ನಿಯಮವನ್ನು ನಾಳೆ ಅಲ್ಲಿಗೆ ತಂದರೆ, ಪೊದೆ ಸವರಬೇಕೆಂಬ ನೋಟೀಸನ್ನು ಪಟವಾರಿ ದಿಲ್ಲಿಯಲ್ಲಿರುವ ಯಾವ ಮೊಮ್ಮಗನ ವಿಳಾಸಕ್ಕೆ ಕಳುಹಿಸಬೇಕೆಂಬುದು ಮೊದಲು ಇತ್ಯರ್ಥವಾಗಬೇಕು.